10 ಗಿಗಾಬಿಟ್ ಫೈಬರ್ ಜಾಲ: ಲೆಕ್ಕ ಮೊದಲು, ಸಿಮ್ಯುಲೇಶನ್ ಆಮೇಲೆ

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ವರದಿಗಳಲ್ಲಿ ಒಂದು ಚಿತ್ರ ಆಗಾಗ ಕಣ್ಣಿಗೆ ಬೀಳುತ್ತದೆ. 60 ಕಿಲೋಮೀಟರ್ ಫೈಬರ್, ಅದರ ತುದಿಗೆ 128 ಮನೆ, ಕೆಳಗೆ ಚೆನ್ನಾಗಿ ಅರಳಿದ ಐ ಡಯಾಗ್ರಮ್ (ಕಣ್ಣಿನಾಕಾರದ ಗ್ರಾಫ್; ಕಣ್ಣು ತೆರೆದಷ್ಟೂ ಸಿಗ್ನಲ್ ಸ್ವಚ್ಛ). ಕಂಪ್ಯೂಟರ್ ಪರದೆಯ ಮೇಲೆ ಎಲ್ಲವೂ ಸರಿ. ಅದೇ ನಕ್ಷೆ ಹಿಡಿದು ಕಂಬ ಹತ್ತಿದರೆ ಮಾತ್ರ ಮನೆಮನೆಯಲ್ಲಿ ಫೈಬರ್ ಬಂದು ಸೇರುವ ಓಎನ್‌ಯು ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗುತ್ತದೆ. ಇದು ತಂತ್ರಾಂಶದ ತಪ್ಪಲ್ಲ. ಅದರೊಳಗಿನ ಲೇಸರ್, ಬೆಳಕನ್ನು ಪಾಲು ಮಾಡುವ ಸ್ಪ್ಲಿಟರ್, ಫೈಬರ್ ಎಲ್ಲವೂ ನಾವು ಬದಲಾಯಿಸುವ ತನಕ ಆದರ್ಶ ಸಾಮಾನುಗಳೇ. ಹಾಗಾಗಿ ಕಾಗದದ ಮೇಲೆ ಮುಗಿಯುವ ಲೆಕ್ಕವನ್ನು ಕಾಗದದಲ್ಲೇ ಮುಗಿಸಿ, ಕಾಗದಕ್ಕೆ ನಿಲುಕದ್ದನ್ನು ಮಾತ್ರ ಸಿಮ್ಯುಲೇಟರ್‌ಗೆ ಕೇಳುವುದು ಒಳ್ಳೆಯದು. ಕೆಳಗಿನ ಹಂತಗಳು ಆ ಕ್ರಮದಲ್ಲೇ ಇವೆ.

ಉದಾಹರಣೆಗೆ ಮಲೆನಾಡಿನ ಒಂದು ತಾಲ್ಲೂಕು ಪಟ್ಟಣವನ್ನು ತೆಗೆದುಕೊಳ್ಳೋಣ. ಕೇಬಲ್ ಆಪರೇಟರ್ ಕೋಣೆಯಲ್ಲಿ ಓಎಲ್‌ಟಿ, ಅಂದರೆ ಎಲ್ಲ ಮನೆಗಳಿಗೂ ಬೆಳಕು ಕಳಿಸುವ ಪೆಟ್ಟಿಗೆ, ಇದೆ. ಅಲ್ಲಿಂದ 9 ಕಿಲೋಮೀಟರ್ ದೂರದ ಊರಿನಲ್ಲಿ ಒಂದಕ್ಕೆ ನಾಲ್ಕರ ಸ್ಪ್ಲಿಟರ್, ಮುಂದೆ ತೋಟದ ಮನೆಗಳ ಹತ್ತಿರ ಒಂದಕ್ಕೆ ಎಂಟರದ್ದು, ಕೊನೆಗೆ ಮನೆಯೊಳಗೆ ಎಳೆಯುವ ಡ್ರಾಪ್ ಕೇಬಲ್. ಅತಿ ದೂರದ ಮನೆಗೆ ಒಟ್ಟು 12 ಕಿಲೋಮೀಟರ್, ಒಂದು ಫೈಬರ್‌ಗೆ 32 ಮನೆ. ಸದ್ಯ ಓಡುತ್ತಿರುವುದು ಜಿಪಾನ್, ಅಂದರೆ ಗಿಗಾಬಿಟ್ ವೇಗದ ಪ್ಯಾಸಿವ್ ಫೈಬರ್ ಜಾಲ. ಅದರ ಮೇಲೆ 10 ಗಿಗಾಬಿಟ್‌ನ ಎಕ್ಸ್‌ಜಿಎಸ್-ಪಾನ್ ಕೂರಿಸಬೇಕು. ಪಟ್ಟಣದಿಂದ ಮನೆಯವರೆಗೆ ನಡುವೆ ಎಲ್ಲೂ ಕರೆಂಟ್ ಬೇಡ ಎನ್ನುವುದೇ ಪ್ಯಾಸಿವ್ ಜಾಲದ ದೊಡ್ಡ ಅನುಕೂಲ. ಮಳೆಗಾಲದಲ್ಲಿ ಮೂರು ದಿನ ಲೈನ್ ಹೋಗುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳನ್ನು ಮುಟ್ಟಲು ಬಳಸಿದ್ದೂ ಜಿಪಾನ್ ತಂತ್ರಜ್ಞಾನವನ್ನೇ.

ಹಂತ 1: ಯಾವ ಮಾನದಂಡ, ಯಾವ ಬೆಳಕು

ಜಿಪಾನ್‌ನಲ್ಲಿ ಮನೆಯ ಕಡೆಗೆ ಸೆಕೆಂಡಿಗೆ 2.488 ಗಿಗಾಬಿಟ್, 1490 ನ್ಯಾನೊಮೀಟರ್ ಬೆಳಕಿನಲ್ಲಿ ಹೋಗುತ್ತದೆ, ಮನೆಯಿಂದ 1.244 ಗಿಗಾಬಿಟ್, 1310ರಲ್ಲಿ ಬರುತ್ತದೆ. 2016ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಒಪ್ಪಿದ ಎಕ್ಸ್‌ಜಿಎಸ್-ಪಾನ್‌ಗೆ ಎರಡೂ ದಿಕ್ಕಿನಲ್ಲಿ 9.953 ಗಿಗಾಬಿಟ್, ಹೋಗಲು 1577, ಬರಲು 1270 ನ್ಯಾನೊಮೀಟರ್. ಬಣ್ಣ ಬೇರೆ ಬೇರೆಯಾದ್ದರಿಂದ ಎರಡೂ ಒಂದೇ ಫೈಬರ್‌ನಲ್ಲಿ ತಂಟೆಯಿಲ್ಲದೆ ಓಡುತ್ತವೆ. ದೋಷ ತಿದ್ದುವ ಎಫ್‌ಇಸಿ ಹೊರೆ ಕಳೆದರೆ ಎಕ್ಸ್‌ಜಿಎಸ್‌ನಲ್ಲಿ ಕೈಗೆ ಸಿಗುವುದು ಸುಮಾರು 8.6 ಗಿಗಾಬಿಟ್. 32 ಮನೆಯವರೂ ಒಟ್ಟಿಗೆ ಎಳೆದರೂ ತಲೆಗೆ 270 ಮೆಗಾಬಿಟ್‌ನಷ್ಟು ಬರುತ್ತದೆ.

ಹಂತ 2: ಬೆಳಕಿನ ಬಜೆಟ್

ಇಲ್ಲಿ ಅವಸರ ಮಾಡಬೇಡಿ. ಬೆಳಕು ಅರ್ಧಕ್ಕಿಳಿದರೆ 3 ಡಿಬಿ ನಷ್ಟ ಎಂದು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಕೂಡುವ ಲೆಕ್ಕ.

ನಷ್ಟ ಹೆಚ್ಚಾಗುವುದು ಮನೆಯಿಂದ ಬರುವ ದಿಕ್ಕಿನಲ್ಲಿ, ಏಕೆಂದರೆ 1270ರಲ್ಲಿ ಫೈಬರ್ ಕಿಲೋಮೀಟರಿಗೆ ಸುಮಾರು 0.4 ಡಿಬಿ ತಿನ್ನುತ್ತದೆ. 12 ಕಿಲೋಮೀಟರಿಗೆ 4.8 ಆಯಿತು. ಒಂದಕ್ಕೆ ನಾಲ್ಕರ ಸ್ಪ್ಲಿಟರ್‌ಗೆ 7.2, ಒಂದಕ್ಕೆ ಎಂಟರದ್ದಕ್ಕೆ 10.5, ಎರಡೂ ಸೇರಿ 17.7. ಹತ್ತು ಸ್ಪ್ಲೈಸ್ (ಫೈಬರ್ ಬೆಸುಗೆ), ಒಂದಕ್ಕೆ 0.1ರಂತೆ 1 ಡಿಬಿ. ನಾಲ್ಕು ಕನೆಕ್ಟರ್, ಅರ್ಧರ್ಧದಂತೆ 2. ಹಳೆಯ ಮತ್ತು ಹೊಸ ಬೆಳಕನ್ನು ಕೂಡಿಸುವ ಡಬ್ಲ್ಯೂಡಿಎಂ ಫಿಲ್ಟರ್‌ಗೆ 1. ಒಟ್ಟು 26.5 ಡಿಬಿ.

ಎಕ್ಸ್‌ಜಿಎಸ್-ಪಾನ್‌ನ ಎನ್1 ದರ್ಜೆಯ ಮಾಡ್ಯೂಲ್ (ಬೆಳಕು ಕಳಿಸಿ ಓದುವ ಬಿಡಿಭಾಗ) 29 ಡಿಬಿವರೆಗೆ ತಡೆಯುತ್ತದೆ, ಎನ್2 31ರವರೆಗೆ. ಎನ್1ರಲ್ಲಿ ಉಳಿಯುವುದು 2.5. ನಡೆಯುತ್ತದಲ್ಲ ಎನ್ನಬಹುದು, ಮಲೆನಾಡಿನಲ್ಲಿ ನಡೆಯುವುದಿಲ್ಲ. ಆಷಾಢದ ಗಾಳಿಗೆ ಮರ ಬಿದ್ದು ಕೇಬಲ್ ತುಂಡಾದಾಗ ಸಾಮಾನ್ಯವಾಗಿ ನಡುವೆ ಹೊಸ ತುಂಡು ಸೇರಿಸುತ್ತಾರೆ, ಅಂದರೆ ಎರಡು ಜಾಯಿಂಟ್, 0.2 ಡಿಬಿ. ಮಳೆಯಲ್ಲಿ ಛತ್ರಿ ಹಿಡಿದು ಮಾಡಿದ ಸ್ಪ್ಲೈಸ್ 0.1ರಲ್ಲಿ ನಿಲ್ಲುತ್ತದೆ ಎನ್ನುವ ಭರವಸೆಯೂ ಇಲ್ಲ. ಐದಾರು ಮಳೆಗಾಲ ಕಳೆಯುವಷ್ಟರಲ್ಲಿ ಆ 2.5ರಲ್ಲಿ ಬಹುಪಾಲು ಕರಗಿರುತ್ತದೆ. ಕನಿಷ್ಠ 3 ಡಿಬಿ ಕೈಯಲ್ಲಿರಲಿ. ಇಲ್ಲಿಗೆ ಎನ್2 ಮಾಡ್ಯೂಲ್ ಹಾಕುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಹೊಸದಾಗಿ ಸೇರಿಸಿದ ಆ 1 ಡಿಬಿ ಫಿಲ್ಟರ್ ಹಳೆಯ ಗ್ರಾಹಕರ ಬೆಳಕನ್ನೂ ತಿನ್ನುತ್ತದೆ. ಜಿಪಾನ್‌ನ 1310ರಲ್ಲಿ ಫೈಬರ್ ತಿನ್ನುವುದು ಸ್ವಲ್ಪ ಕಡಿಮೆ; ಇದೇ ದಾರಿಯಲ್ಲಿ ಅದರ ನಷ್ಟ 24.9 ಇದ್ದದ್ದು 25.9 ಆಗುತ್ತದೆ. ಜಿಪಾನ್ ಮಾಡ್ಯೂಲ್‌ಗಳ ಬಿ ಪ್ಲಸ್ ದರ್ಜೆಯ ಮಿತಿ 28. ಹೊಸ ಪ್ಲ್ಯಾನ್ ತೆಗೆದುಕೊಳ್ಳದ ಮನೆಯವರೇ ಮೊದಲು ಫೋನ್ ಮಾಡಿ "ಮೊನ್ನೆಯಿಂದ ನೆಟ್ ಕಟ್ ಆಗ್ತಿದೆ" ಎಂದರೆ ಕಾರಣ ಇಲ್ಲಿ ಹುಡುಕಿ. ಫಿಲ್ಟರ್ ಒಳಗೇ ಇರುವ ಕಾಂಬೊ ಮಾಡ್ಯೂಲ್‌ಗಳೂ ಸಿಗುತ್ತವೆ. ಕೋಣೆಯಲ್ಲಿ ಒಂದು ಪೆಟ್ಟಿಗೆ, ಒಂದೆರಡು ಪ್ಯಾಚ್ ಕಾರ್ಡ್ ಕಡಿಮೆಯಾಗುತ್ತವೆ.

ನಷ್ಟ ತೀರಾ ಕಡಿಮೆಯಾದರೂ ಕಷ್ಟವೇ. ಎನ್1ಕ್ಕೆ ಕನಿಷ್ಠ 14 ಡಿಬಿ, ಎನ್2ಕ್ಕೆ 16 ಇರಲೇಬೇಕು. ಕೋಣೆಯ ಪಕ್ಕದ ಅಂಗಡಿಗೆ ಒಂದಕ್ಕೆ ಎಂಟರಿಂದ ನೇರ ಎಳೆದರೆ ಬೆಳಕು ಹೆಚ್ಚಾಗಿ ರಿಸೀವರ್ ಕುರುಡಾಗುತ್ತದೆ. ಅಲ್ಲೊಂದು ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಹಾಕಿ.

ಹಂತ 3: ಸಿಮ್ಯುಲೇಟರ್‌ಗೆ ನಿಜ ಹೇಳುವುದು

ಆಪ್ಟಿಸಿಸ್ಟಮ್, ವಿಪಿಐ, ಆಪ್ಟ್‌ಸಿಮ್ ಯಾವುದಾದರೂ ಆಗಲಿ, ಸರಣಿ ಒಂದೇ: ಬಿಟ್ ಜನರೇಟರ್, ಎನ್‌ಆರ್‌ಝಡ್ ಪಲ್ಸ್, ಲೇಸರ್, ಮಾಡ್ಯುಲೇಟರ್, ಫೈಬರ್, ಸ್ಪ್ಲಿಟರ್, ಬೆಳಕನ್ನು ಕರೆಂಟಾಗಿಸುವ ಎಪಿಡಿ ರಿಸೀವರ್, ಫಿಲ್ಟರ್, ಕೊನೆಗೆ ಬಿಟ್ ತಪ್ಪುಗಳ ಪ್ರಮಾಣ ಹೇಳುವ ಬಿಇಆರ್ ಅನಲೈಸರ್. ಎಳೆದು ಜೋಡಿಸಲು ಹತ್ತು ನಿಮಿಷ ಸಾಕು. ರನ್ ಒತ್ತುವ ಮುಂಚೆ ಮೂರು ಕಡೆ ಕೈಹಾಕಿ.

ಮೊದಲು ಸ್ಪ್ಲಿಟರ್. ಆದರ್ಶ ಸ್ಪ್ಲಿಟರ್ 32 ಪಾಲು ಮಾಡಿದರೆ ನಷ್ಟ 15.05 ಡಿಬಿ. ನಮ್ಮದು 17.7. ವ್ಯತ್ಯಾಸ 2.65, ಅಂದರೆ ಕಿಲೋಮೀಟರಿಗೆ ಸುಮಾರು 0.25 ಕಳೆದುಕೊಳ್ಳುವ 1577ರ ಬೆಳಕಿಗೆ 10 ಕಿಲೋಮೀಟರ್‌ಗೂ ಹೆಚ್ಚು ಫೈಬರ್‌ನ ನಷ್ಟ. ಇದನ್ನು ಹೆಚ್ಚುವರಿ ನಷ್ಟವಾಗಿ ಬರೆಯದೆ ಬಿಟ್ಟವರ ಜಾಲ ಪರದೆಯ ಮೇಲೆ ಪುಕ್ಕಟೆಯಾಗಿ 10 ಕಿಲೋಮೀಟರ್ ಉದ್ದವಾಗುತ್ತದೆ. ಆರಂಭದಲ್ಲಿ ಹೇಳಿದ 60 ಕಿಲೋಮೀಟರ್ ಪವಾಡದ ಒಂದು ಗುಟ್ಟು ಇದೇ.

ಎರಡನೆಯದು ಮಾಡ್ಯುಲೇಟರ್‌ನ ಎಕ್ಸ್‌ಟಿಂಕ್ಷನ್ ಅನುಪಾತ, ಅಂದರೆ 1ಕ್ಕೂ 0ಗೂ ಬೆಳಕಿನಲ್ಲಿರುವ ಅಂತರ. ತಂತ್ರಾಂಶದ ಮಾಡ್ಯುಲೇಟರ್ 0 ಬಂದಾಗ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ಆರಿಸಿಬಿಡುತ್ತದೆ. ಎಕ್ಸ್‌ಜಿಎಸ್ ಓಎಲ್‌ಟಿಗೆ ಮಾನದಂಡ ಕೇಳುವ ಕನಿಷ್ಠ 8.2 ಡಿಬಿ ಮಾತ್ರ. ಅದನ್ನೇ ಬರೆಯಿರಿ. ಮೂರನೆಯದು ಫೈಬರ್: 1550ಕ್ಕೆ ಇಟ್ಟಿರುವ 0.2 ಡಿಬಿಯನ್ನು ಎಲ್ಲ ಬಣ್ಣಕ್ಕೂ ಹಾಗೇ ಬಿಡಬೇಡಿ.

ಆಮೇಲೆ ರಿಸೀವರ್ ಹದ ಮಾಡಬೇಕು. ಫೈಬರ್, ಸ್ಪ್ಲಿಟರ್ ಎಲ್ಲ ತೆಗೆದು, ಲೇಸರ್ ಮತ್ತು ರಿಸೀವರ್ ನಡುವೆ ಅಟೆನ್ಯುಯೇಟರ್ ಒಂದನ್ನೇ ಇಡಿ. ಮನೆಯ ಓಎನ್‌ಯು ಮೈನಸ್ 28 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ ಅಳತೆ) ಬೆಳಕಿನಲ್ಲಿ, ಎಫ್‌ಇಸಿ ತಿದ್ದುವ ಮೊದಲು, ಸಾವಿರ ಬಿಟ್‌ಗೆ ಒಂದು ತಪ್ಪಿನೊಳಗೆ ಓದಬೇಕು. ಅಷ್ಟು ತಪ್ಪು ಬರುವ ತನಕ ರಿಸೀವರ್‌ನ ಥರ್ಮಲ್ ನಾಯ್ಸ್ ಹೆಚ್ಚಿಸುತ್ತಾ ಹೋಗಿ. ಈಗ ನಿಮ್ಮ ರಿಸೀವರ್ ಮಾರುಕಟ್ಟೆಯ ಸಾಮಾನಿನಂತೆ ವರ್ತಿಸುತ್ತದೆ. ಈ ಕೆಲಸಕ್ಕೆ ಅರ್ಧ ದಿನ ಹೋದರೂ ಬೇಸರ ಬೇಡ. ಇದಿಲ್ಲದೆ ಬರುವ ಯಾವ ಗ್ರಾಫ್‌ಗೂ ಅರ್ಥವಿಲ್ಲ. ಎಕ್ಸ್‌ಜಿಎಸ್‌ಗೆ ಸಿಗ್ನಲ್‌ನ ಸ್ವಚ್ಛತೆ ಅಳೆಯುವ ಕ್ಯೂ ಮೌಲ್ಯ 6 ಬೇಕೆಂದು ಹಟ ಹಿಡಿಯಬೇಕಿಲ್ಲ. ಅದು ನೂರು ಕೋಟಿ ಬಿಟ್‌ಗೆ ಒಂದು ತಪ್ಪಿನ ಲೆಕ್ಕ. ಸಾವಿರಕ್ಕೆ ಒಂದಾದರೆ 3.1 ಸಾಕು, ಉಳಿದದ್ದನ್ನು ಎಫ್‌ಇಸಿ ನೋಡಿಕೊಳ್ಳುತ್ತದೆ.

ಹಂತ 4: ಕಾಗದ ಹೇಳದ ಪ್ರಶ್ನೆ

ಈಗ ಫೈಬರ್ ಮರಳಿ ಜೋಡಿಸಿ. 1577ರಲ್ಲಿ ಡಿಸ್ಪರ್ಶನ್, ಅಂದರೆ ದೂರ ಹೋದಂತೆ ಪಲ್ಸ್ ಹರಡಿಕೊಳ್ಳುವುದು, ಕಿಲೋಮೀಟರಿಗೆ ಸುಮಾರು 18 ಪಿಕೊಸೆಕೆಂಡ್, ಪ್ರತಿ ನ್ಯಾನೊಮೀಟರಿಗೆ. ಅದೇ ತಪ್ಪಿನ ಮಟ್ಟಕ್ಕೆ ಎಷ್ಟು ಬೆಳಕು ಹೆಚ್ಚು ಬೇಕಾಯಿತು ನೋಡಿ. ಅದೇ ನಿಮ್ಮ ಪೆನಾಲ್ಟಿ. ಮಾನದಂಡ ಇದಕ್ಕೆ 1 ಡಿಬಿ ಬಿಟ್ಟುಕೊಟ್ಟಿದೆ. ಹೊರಗೆ ಮಾಡ್ಯುಲೇಟರ್ ಇರುವ ಲೇಸರ್‌ಗೆ 12 ಕಿಲೋಮೀಟರ್ ಲೆಕ್ಕಕ್ಕಿಲ್ಲ. ಕರೆಂಟನ್ನೇ ಏರಿಳಿಸಿ ನೇರ ಮಾಡ್ಯುಲೇಟ್ ಮಾಡುವ ಅಗ್ಗದ ಲೇಸರ್ ಇಟ್ಟು ನೋಡಿದರೆ ಅದರ ಚರ್ಪ್‌ನಿಂದ (ಏರಿಳಿತದ ಜೊತೆ ಬೆಳಕಿನ ಬಣ್ಣವೂ ಅಲುಗಾಡುವುದರಿಂದ) ಐ ಡಯಾಗ್ರಮ್ ಮುಚ್ಚಿಕೊಳ್ಳುವುದು ಕಾಣುತ್ತದೆ.

ಮನೆಯಿಂದ ಬರುವ ದಿಕ್ಕಿನ ತಾಪತ್ರಯ ಬೇರೆ. 32 ಮನೆಯವರು ಸರದಿಯಂತೆ ತುಣುಕು ತುಣುಕಾಗಿ ಕಳಿಸಬೇಕು. ಬೆಳಕು ಫೈಬರ್‌ನಲ್ಲಿ ಕಿಲೋಮೀಟರಿಗೆ 5 ಮೈಕ್ರೊಸೆಕೆಂಡ್ ತೆಗೆದುಕೊಳ್ಳುತ್ತದೆ. 1 ಕಿಲೋಮೀಟರಿನ ಮನೆಗೂ 12ರ ಮನೆಗೂ ಹೋಗಿಬರುವ ಹೊತ್ತಿನಲ್ಲಿ 110 ಮೈಕ್ರೊಸೆಕೆಂಡ್ ವ್ಯತ್ಯಾಸ. ಒಂದು ಫ್ರೇಮ್ ಇರುವುದೇ 125. ಅದಕ್ಕೇ ಓಎಲ್‌ಟಿ ಮೊದಲು ಪ್ರತಿ ಮನೆಯ ದೂರ ಅಳೆದು, ಹತ್ತಿರದವರಿಗೆ ಕಾಯಲು ಹೇಳುತ್ತದೆ. ಯಾರಿಗೆ ಎಷ್ಟು ಹೊತ್ತು ಎಂಬ ಡಿಬಿಎ ಹಂಚಿಕೆಯನ್ನು ಆಪ್ಟಿಕ್ಸ್ ತಂತ್ರಾಂಶದಲ್ಲಿ ಹುಡುಕಬೇಡಿ. ಅದು ಪ್ಯಾಕೆಟ್‌ಗಳ ಆಟ; ಎನ್‌ಎಸ್-3 ಅಥವಾ ಒಮ್ನೆಟ್ ಪ್ಲಸ್ ಪ್ಲಸ್‌ನಂಥ ಉಚಿತ ಸಾಧನದಲ್ಲಿ, ಸಂಜೆ ಎಂಟರ ಟ್ರಾಫಿಕ್ ಹಾಕಿ, ವಿಳಂಬ ಎಷ್ಟಾಗುತ್ತದೆ ನೋಡಿ.

ಹಂತ 5: ಕಂಬದ ಹತ್ತಿರ

ಕಟ್ಟಿದ ಮೇಲೆ ಪವರ್ ಮೀಟರ್ ಹಿಡಿದು ಪ್ರತಿ ಸ್ಪ್ಲಿಟರ್ ಬಾಕ್ಸ್‌ನಲ್ಲೂ ಅಳೆಯಿರಿ. ನಮ್ಮ ಲೆಕ್ಕದಲ್ಲಿ 1577ರ ಒಟ್ಟು ನಷ್ಟ 24.7, ಎನ್2 ಓಎಲ್‌ಟಿ ಕನಿಷ್ಠ ಪ್ಲಸ್ 4 ಡಿಬಿಎಂ ಕಳಿಸಿದರೂ ದೂರದ ಮನೆಯಲ್ಲಿ ಮೈನಸ್ 20.7 ಬರಬೇಕು. ಮೈನಸ್ 25 ತೋರಿಸಿದರೆ ಮೊದಲು ಕನೆಕ್ಟರ್ ನೋಡಿ. ಹಸಿರು ತಲೆಯದ್ದು ಎಪಿಸಿ, 8 ಡಿಗ್ರಿ ಓರೆಯಾಗಿ ತೇಯ್ದದ್ದು. ನೀಲಿಯದ್ದು ಯುಪಿಸಿ, ನೇರ. ಎರಡನ್ನೂ ಸೇರಿಸಿ ಒತ್ತಿದರೆ ಕೂರುತ್ತದೆ, ಬೆಳಕು ಮಾತ್ರ ಸರಿಯಾಗಿ ದಾಟುವುದಿಲ್ಲ.

ಕನೆಕ್ಟರ್ ಸರಿಯಿದ್ದರೆ ಕೇಬಲ್ ಎಲ್ಲೋ ಮಡಚಿದೆ. ಕಂಬಕ್ಕೆ ಬಿಗಿಯಾಗಿ ಬಿಗಿದ ತಂತಿ, ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಡ್ರಾಪ್, ಇಂಥವು. ಮಡಿಕೆಯಲ್ಲಿ ಬೆಳಕಿನ ಅಲೆ ಉದ್ದವಾದಷ್ಟೂ ಸೋರಿಕೆ ಹೆಚ್ಚು. ಹಾಗಾಗಿ 1490ರಲ್ಲಿ ವರ್ಷಗಟ್ಟಲೆ ಸುಮ್ಮನಿದ್ದ ಹಳೆಯ ಲೈನ್ 1577 ಹಾಕಿದ ದಿನವೇ ತಕರಾರು ತೆಗೆಯಬಹುದು. ಫೈಬರ್‌ನ ದೋಷ ಎಲ್ಲಿದೆ ಎಂದು ತೋರಿಸುವ ಓಟಿಡಿಆರ್ ಅನ್ನು 1310ಕ್ಕೆ ಇಟ್ಟರೆ ಇದು ಸರಿಯಾಗಿ ಕಾಣುವುದಿಲ್ಲ, 1625ಕ್ಕೆ ಇಡಿ. ಮನೆಯೊಳಗಿನ ತಿರುವುಗಳಿಗೆ ಬಗ್ಗಿದರೂ ಸೋರದ ಜಿ.657 ಫೈಬರ್ ಹಾಕುವುದು ಲೇಸು.

ಅಳೆದ ಅಂಕಿಗಳನ್ನು ಸಿಮ್ಯುಲೇಟರ್ ಫೈಲ್‌ನಲ್ಲಿ ಊಹೆಯ ಅಂಕಿಗಳ ಜಾಗದಲ್ಲಿ ಬರೆದಿಡಿ. ಐಟಿಯು 2021ರಲ್ಲಿ 50 ಗಿಗಾಬಿಟ್ ಪಾನ್‌ಗೂ ಮಾನದಂಡ ತಂದಿದೆ. ವೇಗ ಐದು ಪಟ್ಟಾದರೆ ಡಿಸ್ಪರ್ಶನ್ ಕಾಟ ಇಪ್ಪತ್ತೈದು ಪಟ್ಟು. ಅದಕ್ಕೇ ಅದರ ಬೆಳಕನ್ನು 1577ರ ಕಡೆಯಿಂದ, ಡಿಸ್ಪರ್ಶನ್ ತೀರಾ ಕಡಿಮೆ ಇರುವ 1342 ನ್ಯಾನೊಮೀಟರಿಗೆ ತಂದಿದ್ದಾರೆ. ಆ ಬಣ್ಣದಲ್ಲಿ ಫೈಬರ್‌ನ ನಷ್ಟ ಜಾಸ್ತಿ. ಇದೇ ಕೇಬಲ್ ಅದನ್ನು ತಡೆದೀತೇ ಎಂದು ಹೊಸ ಪೆಟ್ಟಿಗೆ ಕೊಳ್ಳುವ ಮುಂಚೆಯೇ ಆ ಫೈಲ್‌ನಲ್ಲಿ ಓಡಿಸಿ ನೋಡಬಹುದು.