ಅಯುತ್ಥಯ: ಒಂದು ದಿನದಲ್ಲಿ ನೋಡಿ ಬರುವವರಿಗೆ

ಬ್ಯಾಂಕಾಕ್‌ನಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದ ಅಯುತ್ಥಯ 1350ರಿಂದ 1767ರವರೆಗೆ ಸಯಾಮಿನ (ಇಂದಿನ ಥಾಯ್ಲೆಂಡ್) ರಾಜಧಾನಿ. ಹೆಸರು ಬಂದದ್ದು ನಮ್ಮ ಅಯೋಧ್ಯೆಯಿಂದ. ಹೋಗಲು ರೈಲೇ ಮೇಲು, ಅಗ್ಗ ಕೂಡ. ಆದರೆ ಬ್ಯಾಂಕಾಕ್‌ನಲ್ಲಿ ಕೆಲವು ರೈಲು ಹುವಾ ಲಂಫೋಂಗ್‌ನಿಂದ, ಕೆಲವು ಕ್ರುಂಗ್ ಥೇಪ್ ಅಫಿವತ್‌ನಿಂದ ಹೊರಡುತ್ತವೆ. ನಿಮ್ಮದು ಯಾವುದು ಎಂದು ಮೊದಲೇ ನೋಡಿಕೊಳ್ಳಿ.

ಅಯುತ್ಥಯ ಸ್ಟೇಷನ್ ಇರುವುದು ಪಾಸಕ್ ನದಿಯ ಈಚೆ, ಹಳೇ ಊರು ಆಚೆ. ಎದುರಿನ ರಸ್ತೆಯಲ್ಲಿ ನೇರ ನಡೆದರೆ ದೋಣಿ ಸಿಗುತ್ತದೆ, ಕೆಲವೇ ಬಾತ್ (ಥಾಯ್ಲೆಂಡಿನ ಹಣ). ಒಳಗೆ ಓಡಾಡಲು ಬಾಡಿಗೆ ಸೈಕಲ್ ಸಾಕು, ನೆಲವೆಲ್ಲ ಸಮತಟ್ಟು.

ನೆರಳು ಕಡಿಮೆ. ಹಾಗಾಗಿ ವಾಟ್ ಮಹಾಥಾತ್, ವಾಟ್ ಫ್ರಾ ಸಿ ಸನ್‌ಫೆತ್ ಎರಡೂ ಬೌದ್ಧ ದೇಗುಲಗಳನ್ನು ಬೆಳಿಗ್ಗೆಯೇ ಮುಗಿಸಿ, ಪಶ್ಚಿಮಕ್ಕೆ ಚಾವೊ ಫ್ರಾಯಾ ನದಿಯಾಚೆಯ ವಾಟ್ ಚೈವತ್ಥನಾರಾಮ್ ಅನ್ನು ಸಂಜೆಗೆ ಉಳಿಸಿ. ಮಹಾಥಾತ್‌ನಲ್ಲಿ ಬೇರುಗಳ ನಡುವಿನ ಬುದ್ಧನ ತಲೆಯ ಮುಂದೆ ಕುಳಿತೇ ಫೋಟೊ ತೆಗೆಸಿಕೊಳ್ಳಬೇಕು. ನಿಮ್ಮ ತಲೆ ಅದಕ್ಕಿಂತ ಎತ್ತರದಲ್ಲಿರಬಾರದು. ರುಂಡವಿಲ್ಲದ ಬುದ್ಧನ ಮೂರ್ತಿಗಳ ಮೇಲೆ ತಮ್ಮ ಮುಖವಿಟ್ಟು ಫೋಟೊ ತೆಗೆಸುವುದು ಅಲ್ಲಿಯವರಿಗೆ ನಿಜಕ್ಕೂ ನೋವಿನ ಸಂಗತಿ, ದಯವಿಟ್ಟು ಬೇಡ.

ಸಸ್ಯಾಹಾರಿಗಳು 'ಜೇ' (ಪ್ರಾಣಿಗಳಿಂದ ಬಂದ ಏನನ್ನೂ ಹಾಕದ ಊಟ) ಎಂದು ಕೇಳಿ. ಬರೀ ಮಾಂಸ ಬೇಡ ಎಂದರೆ ಮೀನಿನ ಸಾಸ್ ಬಿದ್ದೇ ಬೀಳುತ್ತದೆ.