ಗುಜರಿ ಅಂಗಡಿಯ ಇರಿಡಿಯಂ ಪೆಟ್ಟಿಗೆ: ಒಂದು ಮಹಜರಿನ ಅನುಭವ

ನೋಡುವವರಿಗೆ ಅದು ಹಿಡಿಕೆಯಿರುವ, ಹಳದಿ ಬಣ್ಣದ ಒಂದು ಸಣ್ಣ ಪೆಟ್ಟಿಗೆ; ಎತ್ತಲು ಹೋದವರಿಗೆ ಮಾತ್ರ ಅದು ಇಪ್ಪತ್ತು ಕಿಲೋ ಮೀರಿದ ಭಾರವೆಂದು ತಿಳಿಯುತ್ತದೆ. ಕೊಳವೆಗಳ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಚಿತ್ರ ತೆಗೆದು ನೋಡುವ ಕೆಲಸಗಾರರು ಇದನ್ನು ‘ಕ್ಯಾಮೆರಾ’ ಎಂದೇ ಕರೆಯುತ್ತಾರೆ. ಒಳಗಿನ ಯುರೇನಿಯಂ ಲೋಹದ ಕವಚದ ನಡುವೆ, ತಂತಿಯೊಂದರ ತುದಿಯಲ್ಲಿ, ಕೆಲವೇ ಮಿಲಿಮೀಟರ್ ಅಳತೆಯ, ವಿಕಿರಣ ಸೂಸುವ ಇರಿಡಿಯಂ-192 ಗುಳಿಗೆ ಕುಳಿತಿರುತ್ತದೆ. ಸೀಸಕ್ಕಿಂತಲೂ ಸಾಂದ್ರವಾದ ಯುರೇನಿಯಂ ಹೆಚ್ಚು ವಿಕಿರಣವನ್ನು ತಡೆಯುತ್ತದೆ, ಆದ್ದರಿಂದ ಪೆಟ್ಟಿಗೆ ಚಿಕ್ಕದಾಗಿದ್ದೂ ಭಾರವಾಗಿರುತ್ತದೆ. ಭಾರವಾಗಿರುವುದೆಲ್ಲ ಬೆಲೆಬಾಳುತ್ತದೆ ಎಂಬುದು ಗುಜರಿ ವ್ಯಾಪಾರದ ಲೆಕ್ಕ. ಅಂಥ ಒಂದು ಕ್ಯಾಮೆರಾ ಬೆಂಗಳೂರಿನ ಕೈಗಾರಿಕಾ ಪ್ರದೇಶವೊಂದರಲ್ಲಿ ನಿಲ್ಲಿಸಿದ್ದ ವಾಹನದಿಂದ ಕಳವಾಗಿ, ಹದಿನೇಳು ದಿನಗಳ ನಂತರ ಮೈಸೂರು ರಸ್ತೆಯಾಚೆಯ ಗುಜರಿ ಅಂಗಡಿಯ ಹಿತ್ತಲಿನಲ್ಲಿ ಪತ್ತೆಯಾಯಿತು. ಅದರ ಮೇಲಿದ್ದ ಮೂರು ದಳಗಳ ವಿಕಿರಣ ಚಿಹ್ನೆಯನ್ನು ಗುರುತಿಸಿ ಪೊಲೀಸರಿಗೆ ಫೋನ್ ಮಾಡಿದವರು ಅಂಗಡಿಯ ಮಾಲೀಕರೇ. ವಿಧಿವಿಜ್ಞಾನದ ಭೌತವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ನನಗೆ ಅಲ್ಲಿಗೆ ಕರೆ ಬಂತು.

ನಾನು ತಲುಪುವ ಹೊತ್ತಿಗೆ ಠಾಣೆಯ ಸಿಬ್ಬಂದಿ ಮಾಡಿದ್ದ ಒಂದು ಕೆಲಸಕ್ಕೆ ಇಂದಿಗೂ ನಾನು ಋಣಿ. ಅವರು ಯಾರನ್ನೂ ಒಳಗೆ ಬಿಡದೆ, ಸುತ್ತಲೂ ಮೂವತ್ತು ಮೀಟರ್‌ಗೂ ಹೆಚ್ಚು ದೂರದಲ್ಲಿ ಹಗ್ಗ ಕಟ್ಟಿ, ಅಂಗಡಿಯ ನಾಲ್ವರು ಕೆಲಸಗಾರರನ್ನು ಮನೆಗೆ ಕಳುಹಿಸದೆ ಒಂದು ಕಡೆ ಕೂರಿಸಿಕೊಂಡಿದ್ದರು. ವಿಕಿರಣ ಮೂಲವು ಕವಚದಿಂದ ಹೊರಬಂದಿದೆಯೋ ಇಲ್ಲವೋ ಎಂದು ತಿಳಿಯದಿದ್ದಾಗ ಮೊದಲಿಗೆ ಮೂವತ್ತು ಮೀಟರ್ ದೂರ ಕಾಯ್ದುಕೊಳ್ಳುವುದು, ಅಳತೆ ಸಿಕ್ಕ ನಂತರ ಗಂಟೆಗೆ 100 ಮೈಕ್ರೊಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ, ಅಂದರೆ ಡೋಸ್‌ನ ಅಳತೆ) ದಾಟುವ ಭಾಗವನ್ನು ಒಳವಲಯವೆಂದು ಗುರುತಿಸುವುದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮಾರ್ಗದರ್ಶನದಲ್ಲಿರುವ ಕ್ರಮ. ಇದೇ ಸಂಸ್ಥೆ 2014ರಲ್ಲಿ ವಿಕಿರಣವಿರುವ ಅಪರಾಧ ಸ್ಥಳಗಳ ನಿರ್ವಹಣೆಗೆಂದೇ ಪ್ರತ್ಯೇಕ ಕೈಪಿಡಿಯೊಂದನ್ನು ಹೊರತಂದಿತು. ಅದನ್ನು ಓದಿದಾಗ ನನಗೆ ಮನದಟ್ಟಾದ ಮಾತೆಂದರೆ, ಇಂಥ ಸ್ಥಳದಲ್ಲಿ ಒಳಗೆ ಕಳೆಯುವ ಪ್ರತಿ ನಿಮಿಷಕ್ಕೂ ದೇಹ ಬೆಲೆ ತೆರುತ್ತದೆ, ಹಾಗಾಗಿ ಮಹಜರಿನ ಕೆಲಸದಲ್ಲಿ ಮುಕ್ಕಾಲು ಪಾಲು ಹಗ್ಗದ ಹೊರಗೇ ಮುಗಿದಿರಬೇಕು.

ಗುಳಿಗೆ ಹೊರಗಿದ್ದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕವನ್ನು ನಾವು ಮೊದಲು ಮಾಡಿದೆವು. ಕಳವಾದ ಕ್ಯಾಮೆರಾದ ದಾಖಲೆಯ ಪ್ರಕಾರ ಅದರಲ್ಲಿ 40 ಕ್ಯೂರಿ ಬಲದ ಮೂಲವನ್ನು ತುಂಬಿ ಐವತ್ತು ದಿನಗಳಾಗಿದ್ದವು. ಇರಿಡಿಯಂ-192ರ ಅರ್ಧಾಯು, ಅಂದರೆ ಅದರ ಬಲ ಅರ್ಧಕ್ಕಿಳಿಯುವ ಕಾಲ, ಸುಮಾರು 74 ದಿನಗಳಾದ್ದರಿಂದ ಅಂದಿಗೆ ಉಳಿದಿದ್ದುದು 25 ಕ್ಯೂರಿ. ಅಷ್ಟು ಮೂಲ ಕವಚವಿಲ್ಲದೆ ನೆಲದ ಮೇಲೆ ಬಿದ್ದಿದ್ದರೆ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 120 ಮಿಲಿಸೀವರ್ಟ್ (ಒಂದು ಮಿಲಿಸೀವರ್ಟ್ ಎಂದರೆ ಸಾವಿರ ಮೈಕ್ರೊಸೀವರ್ಟ್) ಇರುತ್ತದೆ, ಅಂದರೆ ವಿಕಿರಣ ಕ್ಷೇತ್ರದಲ್ಲಿ ದುಡಿಯುವವರಿಗೆ ವರ್ಷವೊಂದಕ್ಕೆ ಸರಾಸರಿಯಾಗಿ ನಿಗದಿಯಾಗಿರುವ 20 ಮಿಲಿಸೀವರ್ಟ್ ಅಲ್ಲಿ ಹತ್ತೇ ನಿಮಿಷದಲ್ಲಿ ಮುಗಿಯುತ್ತದೆ. ಬರಿಗೈಯಲ್ಲಿ ಎತ್ತಿಕೊಂಡವರ ಬೆರಳಿಗೆ ಒಂದೆರಡು ನಿಮಿಷವೇ ಸಾಕು. ಚರ್ಮ ಕೆಂಪಾಗಿ ಗುಳ್ಳೆ ಏಳುವುದು ಮಾತ್ರ ದಿನಗಳ ಮೇಲೆ, ಆದ್ದರಿಂದ ‘ನನಗೇನೂ ಆಗಿಲ್ಲ’ ಎಂಬ ಮಾತನ್ನು ಆ ದಿನ ಯಾರು ಹೇಳಿದರೂ ನಂಬುವಂತಿಲ್ಲ.

ನನ್ನ ಮನಸ್ಸಿನಲ್ಲಿ ಇದ್ದುದು ಮಾಯಾಪುರಿ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಆ ಗುಜರಿ ಮಾರುಕಟ್ಟೆಗೆ, ಹರಾಜಿನಲ್ಲಿ ಹೋದ ಹಳೆಯ ಸಂಶೋಧನಾ ಉಪಕರಣವೊಂದರೊಳಗಿನ ಕೋಬಾಲ್ಟ್-60 ಬಂದು ಸೇರಿತ್ತು. ಅಲ್ಲಿನ ಕೆಲಸಗಾರರು ಅದನ್ನು ಬಿಚ್ಚಿ ಕತ್ತರಿಸಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. 1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ ಆದದ್ದೂ ಇಂಥದ್ದೇ. ಪಾಳುಬಿದ್ದ ಚಿಕಿತ್ಸಾಲಯದಿಂದ ತೆಗೆದ ಸೀಸಿಯಂ-137ರ ಹೊಳೆಯುವ ಪುಡಿಯನ್ನು ಮನೆಮನೆಗೆ ಹಂಚಿಕೊಂಡ ಪರಿಣಾಮವಾಗಿ ನಾಲ್ವರು ಸತ್ತರು, ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು. ಸುದ್ದಿಯಲ್ಲಿ ಇವೆರಡನ್ನೂ ‘ಅಪಘಾತ’ ಎನ್ನುತ್ತಾರೆ. ಆದರೆ ಮೊದಲ ದಿನ ಸ್ಥಳಕ್ಕೆ ಹೋಗುವವರಿಗೆ ಅಪಘಾತವೋ, ಕಳವೋ, ಬೇಕೆಂದೇ ಮಾಡಿದ ಕೃತ್ಯವೋ ಎಂಬುದು ತಿಳಿದಿರುವುದಿಲ್ಲ, ಹಾಗಾಗಿ ಎಲ್ಲವನ್ನೂ ಅಪರಾಧ ಸ್ಥಳವೆಂದೇ ಭಾವಿಸಿ ಕಾಲಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊರಗೆ ನಿಂತು ಮಾಡಿದ ಮೊದಲ ಅಳತೆ ಸಹಜ ಹಿನ್ನೆಲೆಯದು. ಬೆಂಗಳೂರು ಬಂಡೆಯ ಮೇಲೆ ಕುಳಿತ ಊರು. ಲಾಲ್‌ಬಾಗಿನ ಗುಡ್ಡದ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಅಂಥ ಶಿಲೆಗಳಲ್ಲಿ ಪೊಟ್ಯಾಸಿಯಂ, ಥೋರಿಯಂ, ಯುರೇನಿಯಂ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತವೆ. ಗ್ರಾನೈಟ್ ಹಾಸಿದ ಠಾಣೆಯೊಳಗೆ ಮೀಟರ್ ತೋರಿಸುವ ಅಂಕಿಗೂ ಮಣ್ಣಿನ ಹಿತ್ತಲಿನಲ್ಲಿ ತೋರಿಸುವ ಅಂಕಿಗೂ ವ್ಯತ್ಯಾಸವಿರುವುದರಿಂದ, ಅದೇ ಬೀದಿಯ ಹಿನ್ನೆಲೆ ಅಳತೆಯನ್ನು ಬರೆದುಕೊಳ್ಳದಿದ್ದರೆ ಮುಂದಿನ ಯಾವ ಅಂಕಿಗೂ ಅರ್ಥವಿಲ್ಲ. ಆ ಬೀದಿಯಲ್ಲಿ ಗಂಟೆಗೆ 0.16 ಮೈಕ್ರೊಸೀವರ್ಟ್ ಇತ್ತು. ಅಂಕಿಯ ಜೊತೆಗೆ ಮೀಟರಿನ ಕ್ರಮಸಂಖ್ಯೆ, ಅದನ್ನು ಕೊನೆಯದಾಗಿ ಕ್ಯಾಲಿಬ್ರೇಷನ್ ಮಾಡಿಸಿದ ದಿನಾಂಕ, ಹಿಡಿದವರ ಹೆಸರು, ಗಂಟೆ ನಿಮಿಷ ಎಲ್ಲವನ್ನೂ ಬರೆಸಿದೆ. ಅದಕ್ಕೂ ಮೊದಲಿನ ಒಂದು ಪ್ರಕರಣದಲ್ಲಿ ನಾನು ಅಂಕಿಗಳನ್ನಷ್ಟೇ ಬರೆದಿದ್ದೆ. ಪಾಟೀಸವಾಲಿನಲ್ಲಿ ಆರೋಪಿ ಪರ ವಕೀಲರು ‘ಯಾವ ಮೀಟರು, ಅದು ಸರಿಯಿತ್ತೆಂದು ಹೇಗೆ ಗೊತ್ತು’ ಎಂದು ಕೇಳಿದಾಗ ನನ್ನ ಬಳಿ ಕಾಗದದ ಉತ್ತರವಿರಲಿಲ್ಲ. ತಪ್ಪು ನನ್ನದೇ ಆಗಿತ್ತು, ಅದರ ನೋವು ಬಹಳ ದಿನ ಉಳಿಯಿತು.

ಒಳಗೆ ಹೋಗುವವರು ಇಬ್ಬರು ಎಂದು ನಿರ್ಧರಿಸಿದೆವು: ಅಳತೆಗೆ ನಾನು, ಫೋಟೋ ಮತ್ತು ಬೆರಳಚ್ಚಿಗೆ ಒಬ್ಬ ತಜ್ಞರು. ಪಕ್ಕದ ಖಾಲಿ ನಿವೇಶನದಲ್ಲಿ ಒಂದು ರಟ್ಟಿನ ಡಬ್ಬಿಯನ್ನು ಇಟ್ಟು, ಯಾರು ಯಾವ ಕಡೆಯಿಂದ ಬರಬೇಕು, ಎಷ್ಟು ಫೋಟೋ, ಯಾವುದರ ನಂತರ ಯಾವುದು ಎಂದು ಎರಡು ಬಾರಿ ಅಭ್ಯಾಸ ಮಾಡಿದಾಗ ಹನ್ನೆರಡು ನಿಮಿಷ ಬೇಕಾಯಿತು. ಗಂಟೆಗೆ 1 ಮಿಲಿಸೀವರ್ಟ್ ಕಂಡ ಕಡೆಯಿಂದ ಮರುಮಾತಿಲ್ಲದೆ ಹಿಂದಿರುಗಬೇಕೆಂದು ಗೊತ್ತು ಮಾಡಿಕೊಂಡೆವು. ಎದೆಗೆ, ತಗುಲಿದ ವಿಕಿರಣವನ್ನು ದಾಖಲಿಸಿಕೊಂಡು ಆಮೇಲೆ ಪ್ರಯೋಗಾಲಯದಲ್ಲಿ ಓದಿಸುವ ಟಿಎಲ್‌ಡಿ ಬ್ಯಾಡ್ಜ್, ಜೊತೆಗೆ ಅಲ್ಲೇ ಓದಬಹುದಾದ ಪಾಕೆಟ್ ಡೋಸಿಮೀಟರ್, ಕೈಗೆ ಎರಡು ಜೊತೆ ಗವಸು, ಮೀಟರಿಗೆ ಪಾಲಿಥೀನ್ ಹೊದಿಕೆ. ಈ ಹೊದಿಕೆಯ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ: ಇರಿಡಿಯಂ ಸೂಸುವ ಗಾಮಾ ಕಿರಣ ಅದನ್ನು ದಾಟಿ ಬರುತ್ತದೆ, ಇನ್ನೊಂದು ಬಗೆಯ ವಿಕಿರಣವಾದ ಆಲ್ಫಾ ಕಣಗಳನ್ನು ಅದು ಪೂರ್ತಿಯಾಗಿ ತಡೆದುಬಿಡುತ್ತದೆ. 2006ರಲ್ಲಿ ಲಂಡನ್ನಿನಲ್ಲಿ ರಷ್ಯಾದ ಮಾಜಿ ಗೂಢಚಾರ ಲಿಟ್ವಿನೆಂಕೊ ಅವರನ್ನು ಕೊಲ್ಲಲು ಬಳಸಿದ ಪೊಲೋನಿಯಂ-210 ಬಹುಪಾಲು ಆಲ್ಫಾವನ್ನಷ್ಟೇ ಹೊಮ್ಮಿಸುವುದರಿಂದ, ಸಾಮಾನ್ಯ ಗಾಮಾ ಮೀಟರುಗಳಿಗೆ ಅದು ಕಾಣಲಿಲ್ಲ. ಮೀಟರ್ ಮೌನವಾಗಿದೆ ಎಂದರೆ ಏನೂ ಇಲ್ಲ ಎಂದಲ್ಲ, ಆ ಮೀಟರಿಗೆ ಕಾಣುವಂಥದ್ದು ಇಲ್ಲ ಎಂದಷ್ಟೇ.

ಪಂಚರ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಮಹಜರಿಗೆ ಪಂಚರು ಕಣ್ಣಾರೆ ನೋಡಿರಬೇಕು, ಆದರೆ ಅವರು ಸಾರ್ವಜನಿಕರು. ಎದುರಿನ ಅಂಗಡಿಯಿಂದ ಕರೆತಂದ ಇಬ್ಬರಿಗೆ ಡೋಸ್ ಕೊಡುವ ಅಧಿಕಾರ ನಮಗಿಲ್ಲ. ಅವರನ್ನು ಹಗ್ಗದ ಹೊರಗೇ ಕೂರಿಸಿ, ಒಳಗೆ ನಾವು ಒಯ್ಯುವ ವಿಡಿಯೋ ಕ್ಯಾಮೆರಾದ ದೃಶ್ಯ ನೇರವಾಗಿ ಅವರ ಮುಂದಿನ ಪರದೆಯಲ್ಲಿ ಮೂಡುವಂತೆ ಮಾಡಿದೆವು. ನಾನು ಪ್ರತಿ ಅಂಕಿಯನ್ನೂ ಗಟ್ಟಿಯಾಗಿ ಓದುವುದು, ಹೊರಗೆ ಹೆಡ್ ಕಾನ್‌ಸ್ಟೆಬಲ್ ಬರೆಯುವುದು, ಪಂಚರು ಪರದೆಯಲ್ಲಿ ಅದೇ ಅಂಕಿಯನ್ನು ನೋಡುವುದು. ಪಂಚರು ಎಲ್ಲಿ ಕುಳಿತು, ಹೇಗೆ ನೋಡಿದರು ಎಂಬುದನ್ನು ಮಹಜರಿನಲ್ಲಿ ಮುಚ್ಚುಮರೆಯಿಲ್ಲದೆ ಬರೆಸಿದೆವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಶೋಧ ಮತ್ತು ಜಪ್ತಿಯ ಧ್ವನಿ-ದೃಶ್ಯ ದಾಖಲೆಯನ್ನು ಕಡ್ಡಾಯಗೊಳಿಸಿರುವುದರಿಂದ ಈಗ ಇದು ಹೊಸತಲ್ಲ. ನಮ್ಮ ಪ್ರಕರಣದ ಕಾಲಕ್ಕೆ ತನಿಖಾಧಿಕಾರಿಗಳನ್ನು ಒಪ್ಪಿಸಲು ಅರ್ಧ ಗಂಟೆ ಬೇಕಾಗಿತ್ತು.

ಒಳಗೆ ಹೋದಾಗ ಮನಸ್ಸು ಹಗುರಾಯಿತು. ಹತ್ತಿರವಾದಂತೆ ಅಂಕಿ, ದೂರ ಅರ್ಧವಾದರೆ ನಾಲ್ಕು ಪಟ್ಟು ಎಂಬ ಲೆಕ್ಕಕ್ಕೆ ತಕ್ಕಂತೆ ಕ್ರಮವಾಗಿ ಏರುತ್ತಾ ಹೋಗಿ, ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ 12 ಮೈಕ್ರೊಸೀವರ್ಟ್‌ಗೆ ನಿಂತಿತು. ಗುಳಿಗೆ ಕವಚದೊಳಗೇ ಇತ್ತು. ಪೆಟ್ಟಿಗೆಯ ಬೀಗದ ಫಲಕದ ಅಂಚಿನಲ್ಲಿ ಮಾತ್ರ ನಾಲ್ಕು ಹೊಸ ಗಾಯಗಳಿದ್ದವು. ಬಣ್ಣ ಕಿತ್ತು ಲೋಹ ಹೊಳೆಯುತ್ತಿದ್ದ, ಒಂದೇ ಅಗಲದ, ಒಂದೇ ಓರೆಯಲ್ಲಿ ಬಿದ್ದ ಉಳಿಯ ಏಟುಗಳು. ನಾಲ್ಕನೆಯದು ಉಳಿದವುಗಳಿಗಿಂತ ಆಳವಾಗಿತ್ತು. ಬೀಗ ಸೋತಿರಲಿಲ್ಲ.

ಆಗ ಎದುರಾದದ್ದು ಈ ಕೆಲಸದ ನಿಜವಾದ ಇಕ್ಕಟ್ಟು. ಮೂಲ ಒಡೆದು ಸೋರಿದೆಯೇ ಎಂದು ತಿಳಿಯಲು ಮೇಲ್ಮೈಯನ್ನು ಒರೆಸಿ ಮಾದರಿ ತೆಗೆಯಬೇಕು, ಒರೆಸಿದರೆ ಬೆರಳಚ್ಚು ಹೋಗುತ್ತದೆ. ಒರೆಸದೆ ಬ್ರಷ್‌ನಿಂದ ಬೆರಳಚ್ಚಿನ ಪುಡಿ ಹಾಕಿದರೆ, ಒಂದು ವೇಳೆ ಸೋರಿಕೆ ಇದ್ದಲ್ಲಿ ಆ ಪುಡಿಯೇ ವಿಕಿರಣಶೀಲ ದೂಳಾಗಿ ಗಾಳಿಗೇರುತ್ತದೆ. ಸೋರಿದ್ದರೆ ಅದು ಮೊದಲು ಕಾಣಿಸುವುದು ತಂತಿ ಹೊರಬರುವ ಎರಡು ತುದಿಗಳಲ್ಲಿ, ಕಳ್ಳರ ಕೈ ಬಿದ್ದಿರುವುದು ಹಿಡಿಕೆ ಮತ್ತು ಬೀಗದ ಮೇಲೆ. ಇದನ್ನು ಹೊರಗೇ ಯೋಚಿಸಿ ಜಾಗಗಳನ್ನು ಹಂಚಿಕೊಂಡಿದ್ದೆವು. ತುದಿಗಳನ್ನೂ ತಳವನ್ನೂ ನಾನು ಒರೆಸಿ, ಆ ಕಾಗದವನ್ನು ಹೊರಗೆ ಕಳುಹಿಸಿ ಅಳೆಸಿದೆ. ಹಿನ್ನೆಲೆಗಿಂತ ಹೆಚ್ಚಿಲ್ಲವೆಂದು ತಿಳಿದ ಮೇಲಷ್ಟೇ ಹಿಡಿಕೆಗೆ ಪುಡಿ ಬಿತ್ತು. ಅಲ್ಲಿ ಎರಡು ಸ್ಪಷ್ಟ ಬೆರಳಚ್ಚುಗಳು ಸಿಕ್ಕವು. ಇಬ್ಬರ ಪಾಕೆಟ್ ಡೋಸಿಮೀಟರ್‌ಗಳೂ ಹೊರಬಂದಾಗ 4 ಮೈಕ್ರೊಸೀವರ್ಟ್ ತೋರಿಸಿದವು.

ಮೊಹರು ಮಾಡುವಾಗ ಹೆಡ್ ಕಾನ್‌ಸ್ಟೆಬಲ್ ಅಭ್ಯಾಸದಂತೆ ಅರಗು ಮತ್ತು ಮೇಣದಬತ್ತಿ ತೆಗೆದರು. ಪ್ಲಾಸ್ಟಿಕ್ ಚೀಲಗಳ ಬಳಿ ಬೆಂಕಿ ಬೇಡವೆಂದೆ. ‘ಮೇಡಂ, ಅರಗು ಹಾಕದೆ ಕಳಿಸಿದ್ರೆ ನಾಳೆ ಕೋರ್ಟ್‌ನಲ್ಲಿ ನಮ್ಮನ್ನೇ ಕೇಳ್ತಾರೆ’ ಎಂದರು. ಅವರ ಆತಂಕ ನ್ಯಾಯವಾದದ್ದೇ. ಕಿತ್ತರೆ ಗುರುತು ಉಳಿಯುವ, ಕ್ರಮಸಂಖ್ಯೆಯಿರುವ ಮೊಹರು ಪಟ್ಟಿಗಳನ್ನು ಅಂಟಿಸಿ, ಅವುಗಳ ಮೇಲೆ ಪಂಚರ ಸಹಿಯ ಚೀಟಿ ಹಾಕಿ, ಪ್ರತಿ ಸಂಖ್ಯೆಯನ್ನೂ ಮಹಜರಿನಲ್ಲಿ ಬರೆಸಿ ಅರಗಿನ ಕೊರತೆಯನ್ನು ತುಂಬಿದೆವು.

ಪೆಟ್ಟಿಗೆ ಕಳವಾದದ್ದೇ ಎಂದು ಸಾಬೀತುಪಡಿಸಲು ಅದರ ಮೇಲಿನ ಸಂಖ್ಯೆ ಒಂದೇ ಸಾಲದು, ಒಳಗಿರುವ ಮೂಲವೂ ಅದೇ ಆಗಿರಬೇಕು. ವಿಕಿರಣ ಯಾವ ವಸ್ತುವಿನದೆಂದು ಗುರುತಿಸುವ ಉಪಕರಣದಲ್ಲಿ ಇರಿಡಿಯಂ-192ರ ಗುರುತಾದ 316 ಮತ್ತು 468 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ಗಳ ಗೆರೆಗಳು ಮೂಡಿದವು. ದಪ್ಪ ಕವಚ ಕಡಿಮೆ ಶಕ್ತಿಯದನ್ನು ಹೆಚ್ಚು ನುಂಗುವುದರಿಂದ ಮೊದಲನೆಯದು ಮಸುಕಾಗಿದ್ದರೂ ಇರಿಡಿಯಂ ಎನ್ನಲು ಸಂಶಯವಿರಲಿಲ್ಲ. ಕ್ಯಾಮೆರಾದ ಮಾಲೀಕ ಸಂಸ್ಥೆಯ ದಿನವಹಿಯಲ್ಲಿ, ಕಳವಾದ ದಿನದ ಬೆಳಿಗ್ಗೆ ಒಂದು ಮೀಟರ್ ದೂರದಲ್ಲಿ ಗಂಟೆಗೆ 14 ಮೈಕ್ರೊಸೀವರ್ಟ್ ಎಂದು ಬರೆದಿತ್ತು. ಹದಿನೇಳು ದಿನಗಳ ಕ್ಷಯವನ್ನು ಕಳೆದರೆ ಉಳಿಯಬೇಕಾದದ್ದು 11.9, ನಾವು ಅಳೆದದ್ದು 12. ವರದಿಯಲ್ಲಿ ಆ ಸಾಲನ್ನು ಬರೆಯುವಾಗ, ಯಾರೋ ಒಬ್ಬ ಕೆಲಸಗಾರ ತಪ್ಪದೆ ದಿನವೂ ಮೀಟರ್ ಹಿಡಿದು ಬರೆದಿಟ್ಟ ಶಿಸ್ತಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ.

ಅಂಗಡಿಯ ಕೆಲಸಗಾರರ ವಿಚಾರಣೆಯಲ್ಲಿ ನಾನೂ ತನಿಖಾಧಿಕಾರಿಗಳೂ ಒಟ್ಟಿಗೆ ಕುಳಿತೆವು. ಪೆಟ್ಟಿಗೆಯನ್ನು ಯಾರು ತಂದರು, ಎಲ್ಲಿ ಇಟ್ಟರು, ಯಾರು ಮುಟ್ಟಿದರು, ಎಷ್ಟು ಹೊತ್ತು ಹತ್ತಿರ ಇದ್ದರು ಎಂಬ ಪ್ರಶ್ನೆಗಳು ಪೊಲೀಸರಿಗೆ ಹೇಳಿಕೆಯಾದರೆ ನನಗೆ ಡೋಸ್ ಲೆಕ್ಕ. ಬೇರೆ ಬೇರೆಯಾಗಿ ಕೇಳಿದರೆ ಹೆದರಿದವರು ಎರಡು ಬೇರೆ ಉತ್ತರ ಕೊಡುತ್ತಾರೆ. ಉಳಿಯಿಂದ ಹೊಡೆದ ಹುಡುಗನಿಗೆ ಹತ್ತೊಂಬತ್ತು ವರ್ಷ. ‘ಒಳಗೆ ತಾಮ್ರ ಇರ್ಬೋದು ಅನ್ಕೊಂಡೆ ಮೇಡಂ’ ಎಂದು ತಲೆ ತಗ್ಗಿಸಿದ. ನಾಲ್ವರನ್ನೂ ಆಸ್ಪತ್ರೆಗೆ ಕಳುಹಿಸಿ ರಕ್ತದ ಬಿಳಿಕಣಗಳ ಎಣಿಕೆ ಮಾಡಿಸಿದೆವು, ಕೆಲವು ದಿನ ಬಿಟ್ಟು ಮತ್ತೆ ಮಾಡಿಸಿದೆವು. ಎರಡು ಬಾರಿಯೂ ಎಲ್ಲರದೂ ಸರಿಯಿತ್ತು.

ಉಳಿ ಠಾಣೆಯ ಮುದ್ದೆಮಾಲು ಕೊಠಡಿಗೆ ಹೋಯಿತು, ಪೆಟ್ಟಿಗೆ ಅಲ್ಲಿಗೆ ಹೋಗುವಂತಿರಲಿಲ್ಲ. ಠಾಣೆಯ ಮೂಲೆಯಲ್ಲಿ ವರ್ಷಗಟ್ಟಲೆ ಇಡುವ ವಸ್ತು ಅದಲ್ಲವೆಂದು ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ, ಫೋಟೋ, ವಿಡಿಯೋ ಮತ್ತು ವರದಿಗಳನ್ನೇ ಸಾಕ್ಷ್ಯವಾಗಿ ಉಳಿಸಿಕೊಂಡು, ಮೂಲವನ್ನು ಅನುಮತಿಯಿರುವ ದಾಸ್ತಾನಿಗೆ ಕಳುಹಿಸುವ ಆದೇಶ ಪಡೆದೆವು. ಆದೇಶ ಬರುವವರೆಗೆ ಎರಡು ರಾತ್ರಿ ಹಿತ್ತಲಿನಲ್ಲೇ ಪೊಲೀಸ್ ಕಾವಲು ಇತ್ತು.

ವಾಹನ ಹೊರಟ ಮೇಲೆ ನಾನು ಪೆಟ್ಟಿಗೆಯಿದ್ದ ನೆಲದ ಮೇಲೆ, ಉಳಿ ಇದ್ದ ಕಟ್ಟೆಯ ಮೇಲೆ, ಬಾಗಿಲಿನಿಂದ ಹಿತ್ತಲಿನವರೆಗಿನ ದಾರಿಯುದ್ದಕ್ಕೂ ಮತ್ತೊಮ್ಮೆ ಮೀಟರ್ ಹಿಡಿದು ನಡೆದೆ. ಎಲ್ಲೆಡೆ 0.16 ಆಸುಪಾಸು. ಅದೇ ಪಂಚರು ಈ ಬಾರಿ ನನ್ನ ಪಕ್ಕದಲ್ಲೇ ನಿಂತು ಅಂಕಿ ನೋಡಿದರು, ಸಹಿ ಹಾಕಿದರು. ಸ್ಥಳ ಸುರಕ್ಷಿತವೆಂಬ ಪತ್ರವನ್ನು ಅಂಗಡಿಯ ಮಾಲೀಕರ ಕೈಗೆ ಕೊಟ್ಟಾಗ ಅವರು ಅದನ್ನು ಎರಡು ಸಲ ಓದಿ, ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು, ಅಂಗಡಿಯ ಷಟರ್ ಎತ್ತಿದರು.