ಮಗನಿಗೆ ಋಭು ಅಂತ ಹೆಸರಿಡುವ ಯೋಚನೆ ಇದ್ದರೆ

ಲಸಿಕೆ ಹಾಕಿಸಲು ಹೋದ ದಿನ ನರ್ಸ್ ಎರಡು ಸಲ "ರಿಬ್ಬು" ಅಂತ ಕೂಗಿದರು. ನಾನು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದೆ. ಮೂರನೇ ಸಲ ಅಪ್ಪನ ಹೆಸರೂ ಸೇರಿಸಿ ಕೂಗಿದಾಗ ಗೊತ್ತಾಯಿತು, ಅದು ನಮ್ಮ ಋಭು ಅಂತ. ಅವರದ್ದೇನೂ ತಪ್ಪಿಲ್ಲ. ಕಾರ್ಡಿನಲ್ಲಿ ಇಂಗ್ಲಿಷ್‌ನಲ್ಲಿ ಇದ್ದದ್ದನ್ನು ಓದಿದ್ದರು ಅಷ್ಟೆ. ಹೆಸರಿಡುವ ಮೊದಲೇ ನಾವು ಮಾಡಬೇಕಿದ್ದ ಕೆಲಸವನ್ನು ಆಮೇಲೆ ಮಾಡಿದೆವು. ನೀವು ಮೊದಲೇ ಮಾಡಿಕೊಳ್ಳಿ.

ಮೊದಲು ಕಥೆ ಗೊತ್ತಿರಲಿ, ಏಕೆಂದರೆ ಎಲ್ಲರೂ ಕೇಳುತ್ತಾರೆ. ಋಗ್ವೇದದಲ್ಲಿ ಬರುವ ಋಭುಗಳು ಸುಧನ್ವನ ಮೂವರು ಮಕ್ಕಳು: ಋಭು, ವಿಭ್ವ, ವಾಜ. ಕೈಕೆಲಸದಲ್ಲಿ ಬಲು ಗಟ್ಟಿಗರು. ದೇವತೆಗಳ ಶಿಲ್ಪಿ ತ್ವಷ್ಟೃ ಮಾಡಿದ ಒಂದೇ ಬಟ್ಟಲನ್ನು ನಾಲ್ಕಾಗಿ ಮಾಡಿದರು. ಮುದಿ ತಂದೆತಾಯಿಗೆ ಮತ್ತೆ ಹರೆಯ ತಂದುಕೊಟ್ಟರು. ಕೆಲಸದ ಬಲದಿಂದಲೇ ದೇವತೆಗಳ ಸಾಲಿಗೆ ಸೇರಿದರು. ನನಗೆ ಈ ಹೆಸರು ಹಿಡಿಸಿದ್ದೇ ಅದಕ್ಕೆ.

ಈಗ ಉಚ್ಚಾರ. ಇಲ್ಲಿ ಸ್ವಲ್ಪ ಜಾಸ್ತಿ ಸಮಯ ಕೊಡಿ. ಋ ಸ್ವರ. ವರ್ಣಮಾಲೆಯಲ್ಲಿ ಊ ಆದಮೇಲೆ ಬರುತ್ತದೆ. ಹಳೆಯ ಸಂಸ್ಕೃತ ಉಚ್ಚಾರದಲ್ಲಿ ಅದರ ಹಿಂದೆ ಪೂರ್ತಿ ಇಕಾರವೂ ಇಲ್ಲ, ಉಕಾರವೂ ಇಲ್ಲ. ಬಳಕೆಯಲ್ಲಿ ನಾವು ಕನ್ನಡದವರು ಹೆಚ್ಚಾಗಿ 'ರು' ಕಡೆ ವಾಲುತ್ತೇವೆ, ಹಿಂದಿಯವರು 'ರಿ' ಅನ್ನುತ್ತಾರೆ. ಋಷಿ, ಋಣ ಅನ್ನುವಾಗ ನಿಮ್ಮ ಬಾಯಿಗೆ ಏನು ಬರುತ್ತದೋ ಅದನ್ನೇ ಇಟ್ಟುಕೊಳ್ಳಿ. ಆದರೆ ಮನೆಯವರೆಲ್ಲ ಒಂದೇ ಥರ ಹೇಳಿ. ಮಗು ಕೇಳಿಸಿಕೊಳ್ಳುವುದು ಅದನ್ನೇ ಅಲ್ವಾ?

ನಿಜವಾದ ತೊಡಕು ಇರುವುದು ಭು ಅಕ್ಷರದಲ್ಲಿ. ಮಹಾಪ್ರಾಣ ಬಿಟ್ಟರೆ 'ರುಬು'. ಸ್ವಲ್ಪ ಒತ್ತಿದರೆ 'ರುಬ್ಬು', ಕಲ್ಲಿನಲ್ಲಿ ರುಬ್ಬುವ ರುಬ್ಬು. ಶಾಲೆಯಲ್ಲಿ ಮಕ್ಕಳು ಅದನ್ನು ಬಿಡುವುದಿಲ್ಲ. ಅಂಗೈಯನ್ನು ಬಾಯಿಯ ಹತ್ತಿರ ಹಿಡಿದು ಒಮ್ಮೆ ಬು, ಒಮ್ಮೆ ಭು ಅನ್ನಿ. ಎರಡನೆಯದಕ್ಕೆ ಅಂಗೈಗೆ ಉಸಿರು ಜೋರಾಗಿ ತಾಗಬೇಕು. ನನ್ನ ಅತ್ತೆಗೆ 'ಭೂಮಿ' ಸರಿಯಾಗಿ ಬರುತ್ತಿತ್ತು, 'ಋಭು' ಬರುತ್ತಿರಲಿಲ್ಲ. ಅವರಿಂದ ಮೊದಲು "ಋ... ಭೂಮಿ" ಅಂತ ಬಿಡಿಸಿ ಹೇಳಿಸಿದೆ. ಆಮೇಲೆ 'ಮಿ' ತೆಗೆದೆವು. ಕೊನೆಗೆ 'ಭೂ'ವನ್ನು ಗಿಡ್ಡ ಮಾಡಿದೆವು. ತೊಟ್ಟಿಲು ತೂಗುತ್ತಾ ಹೇಳಿಕೊಳ್ಳುತ್ತಿದ್ದರು, ಎರಡೇ ದಿನದಲ್ಲಿ ಬಂತು.

ಹೆಸರನ್ನು ಮಾತಿನಲ್ಲಿ ಸೇರಿಸಿಯೂ ನೋಡಿ. "ಋಭುಗೆ ನಿದ್ದೆ ಬಂತು", "ಋಭು ಎಲ್ಲಿ?" ಪಕ್ಕದ ಕೋಣೆಯಿಂದ "ಋಭೂ, ಬಾರೋ" ಅಂತ ಕೂಗಿ. ದೀರ್ಘ ಎಳೆದಾಗ ಉಸಿರು ತಾನೇ ಬರುತ್ತದೆ.

ಇಂಗ್ಲಿಷ್ ಸ್ಪೆಲ್ಲಿಂಗ್ ಹೆಚ್ಚು ಕಂಡುಬರುವುದು ಆರ್, ಐ, ಬಿ, ಎಚ್, ಯು. ಐ ಜಾಗದಲ್ಲಿ ಯು ಹಾಕಿದರೆ ಕನ್ನಡದ ಉಚ್ಚಾರಕ್ಕೆ ಹತ್ತಿರ. ಎರಡೂ ಸರಿ. ಸ್ವರವನ್ನೇ ಬಿಟ್ಟು ಬರೆಯುವುದು ಬೇಡ, ಓದುವವರು ಟೈಪಿಂಗ್ ತಪ್ಪು ಅಂದುಕೊಳ್ಳುತ್ತಾರೆ. ಎಚ್ ಮಾತ್ರ ಬಿಡಲೇಬೇಡಿ.

ಎಷ್ಟು ಮಕ್ಕಳಿಗೆ ಈ ಹೆಸರಿದೆ? ನಮ್ಮ ದೇಶದಲ್ಲಿ ವರ್ಷ ವರ್ಷ ಹೆಸರುಗಳನ್ನು ಎಣಿಸಿ ಪ್ರಕಟಿಸುವ ಸರ್ಕಾರಿ ಪಟ್ಟಿ ಇಲ್ಲ. ಹಾಗಾಗಿ ಆ್ಯಪ್‌ಗಳು ಕೊಡುವ ಜನಪ್ರಿಯತೆಯ ಅಂಕಿಯನ್ನು ನಾನು ನಂಬುವುದಿಲ್ಲ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇಲಾಖೆಯ ಪಟ್ಟಿ 1880ರಿಂದ ಸಿಗುತ್ತದೆ. ಆದರೆ ಒಂದು ವರ್ಷದಲ್ಲಿ 5ಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಅದರಲ್ಲಿ ಹಾಕುವುದಿಲ್ಲ. ಒಂದೊಂದು ಸ್ಪೆಲ್ಲಿಂಗ್ ಅನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ಪಟ್ಟಿಯಲ್ಲಿ ಕಾಣಲಿಲ್ಲ ಅಂದರೆ ಆ ಹೆಸರಿನವರೇ ಇಲ್ಲ ಅಂತಲ್ಲ. ಎಲ್ಲ ಸ್ಪೆಲ್ಲಿಂಗ್ ಹಾಕಿ ಹುಡುಕಿ. ಬಂಗಾಳಿಗಳಲ್ಲಿ ಈ ಹೆಸರು ಸಿಗುತ್ತದೆ, ಸಿನಿಮಾ ನಿರ್ದೇಶಕ ರಿಭು ದಾಸ್‌ಗುಪ್ತ ಇದ್ದಾರಲ್ಲ. ಆಮೇಲೆ ಗೊತ್ತಿರುವ ಒಂದಿಬ್ಬರು ಟೀಚರ್‌ಗಳನ್ನು ಕೇಳಿ. ಹಾಜರಿ ಕೂಗುವವರಿಗೆ ಗೊತ್ತಿರುವಷ್ಟು ಹೆಸರು ಬೇರೆಯವರಿಗೆ ಗೊತ್ತಿರುವುದಿಲ್ಲ.

ಅವಸರ ಬೇಡ. ಜನನ ನೋಂದಣಿಯನ್ನು ಹೆಸರಿಲ್ಲದೆಯೂ ಮಾಡಿಸಬಹುದು. 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಒಮ್ಮೆ ಸೇರಿಸಿದ ಮೇಲೆ ಎಲ್ಲ ಕಾಗದದಲ್ಲೂ ಅದೇ ಸ್ಪೆಲ್ಲಿಂಗ್ ಇರಲಿ. ನಾವು ಲಸಿಕೆ ಕಾರ್ಡಿನ ಮೇಲೆ ಕನ್ನಡದಲ್ಲೂ ದಪ್ಪಗೆ ಬರೆದಿದ್ದೇವೆ: ಋಭು.